ಹಿತ್ತಲಿನ ಗಿಡಗಳ ಮೂವತ್ತು ದಿನದ ಗ್ಯಾರಂಟಿ

ಹೇಳಿಕೆ ಕೊಡುತ್ತಿರುವವಳು: ದೂರು ಕೊಟ್ಟಿರುವ ಲಾರಿ ಚಾಲಕರ ತಂಗಿ. ಮನೆಯಲ್ಲೂ ಬೀದಿಯಲ್ಲೂ ಗಿರಗಿಟ್ಲೆ ಎಂದು ಕರೆಯುತ್ತಾರೆ. ವಯಸ್ಸು: 19 ವರ್ಷ 4 ತಿಂಗಳು. ಓದು: ಹತ್ತನೇ ತರಗತಿ, ಅರ್ಧಕ್ಕೆ ಬಿಟ್ಟಿದ್ದು. ಉದ್ಯೋಗ: ಸದ್ಯ ಇಲ್ಲ, ಇದಕ್ಕೆ ಮೊದಲು ಐದು ಕಡೆ ಸೇರಿ ಐದೂ ಕಡೆ ಬಿಟ್ಟಿದ್ದೇನೆ. ವಾಸ: ನೀರಿನ ಟ್ಯಾಂಕಿನ ಹಿಂದಿನ ಬೀದಿ, ಕೊನೆಯ ಮನೆ, ಅಣ್ಣನ ಜೊತೆ. ಅಣ್ಣ ತಿಂಗಳಲ್ಲಿ ನಾಲ್ಕೈದು ದಿನ ಮನೆಯಲ್ಲಿರುತ್ತಾನೆ.

ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ, ಇವತ್ತು ಬೆಳಿಗ್ಗೆ ನನ್ನ ಅಣ್ಣ ತೋಟದ ಕೆಲಸದವರ ಮೇಲೆ ಕೊಟ್ಟಿರುವ ದೂರು ತಪ್ಪು. ಅಣ್ಣ ಸುಳ್ಳು ಹೇಳಿಲ್ಲ. ಅವನಿಗೆ ಗೊತ್ತಿಲ್ಲ. ಗೊತ್ತಿರುವುದು ನನಗೆ ಮಾತ್ರ.

ನಮ್ಮ ಮನೆಯ ಹಿಂದೆ 30 ಅಡಿ ಉದ್ದ, 20 ಅಡಿ ಅಗಲದ ಹಿತ್ತಲಿದೆ. ಮನೆ ಕಟ್ಟಿದವರು ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ, ಒಡೆದ ಟೈಲ್ಸು ಎಲ್ಲವನ್ನೂ ಅಲ್ಲೇ ಸುರಿದು ಹೋಗಿದ್ದರು. ಅಲ್ಲಿ ತೋಟ ಮಾಡಿಸಲು ಅಣ್ಣ ಎರಡು ವರ್ಷದಿಂದ ದುಡ್ಡು ಕೂಡಿಡುತ್ತಿದ್ದ. ಈ ತಿಂಗಳ 1ನೇ ತಾರೀಖು ಶನಿವಾರ ಮೂವರನ್ನು ಕರೆಸಿ ಖರ್ಚು ಎಷ್ಟಾಗುತ್ತದೆಂದು ಕೇಳಿದೆವು. ಮೊದಲು ಬಂದ ಕಂಪನಿಯವರು ಬಣ್ಣದ ಪುಸ್ತಕ ತೋರಿಸಿ 1,10,000 ಎಂದರು. ಅದರಲ್ಲಿ ನಕ್ಷೆಗೇ 15,000. ನಮಗೆ ಬೇಕಾಗಿರೋದು ಹಿತ್ತಲು, ಅರಮನೆ ಅಲ್ಲ ಎಂದು ಅಣ್ಣ ಅವರನ್ನು ಕಳಿಸಿದ. ಎರಡನೆಯವರು ಬಾಗಿಲಲ್ಲೇ ನಿಂತು ನೋಡಿ 28,000 ಎಂದರು. ಚೂರುಗಳನ್ನು ತೆಗೆಯುವುದಿಲ್ಲ, ಮೇಲೆ ಮಣ್ಣು ಮುಚ್ಚುತ್ತೇವೆ ಎಂದರು.

ಮೂರನೆಯವರು ಸಂಜೆ 4:15ಕ್ಕೆ ಸಾಮಾನಿನ ಆಟೋದಲ್ಲಿ ಬಂದರು. ವಯಸ್ಸು ಸುಮಾರು 52. ಇವರನ್ನು ಎಲ್ಲರೂ ಹಾರೆ ಅಕ್ಕ ಎನ್ನುತ್ತಾರೆ. ಯಾರ ಮನೆಗೆ ಹೋದರೂ ಮಾತಿಗೆ ಮೊದಲು ನೆಲಕ್ಕೆ ಹಾರೆ ಹಾಕಿ ನೋಡುವುದು ಇವರ ಕ್ರಮ. ನಮ್ಮ ಹಿತ್ತಲಲ್ಲಿ ಏಳು ಕಡೆ ಹಾಕಿದರು. ಐದು ಕಡೆ ಠಣ್ ಎಂದಿತು. ಟೇಪು ಹಿಡಿದು ಅಳೆದರು. ಟೇಪಿನ ಇನ್ನೊಂದು ತುದಿ ಹಿಡಿದಿದ್ದವಳು ನಾನು. 50 ನಿಮಿಷ ಆದ ಮೇಲೆ 42,000 ಎಂದರು. ಅಣ್ಣ ಇಷ್ಟೊಂದಾ ಎಂದು ಕೇಳಿದ. ಅದಕ್ಕೆ ಅವರು, ‘ಗಿಡಕ್ಕೆ ಐದು ಸಾವಿರ ಅಷ್ಟೇ ಕಣಪ್ಪ. ಮಿಕ್ಕಿದ್ದೆಲ್ಲ ನಿನ್ನ ಕಣ್ಣಿಗೆ ಕಾಣದೇ ಇರೋದಕ್ಕೆ’ ಎಂದು ಹೇಳಿ, ಚೂರು ತೆಗೆದು ಸಾಗಿಸಲು 6,000, ಮೂರು ಲೋಡು ಮಣ್ಣು ಮತ್ತು ಗೊಬ್ಬರಕ್ಕೆ 13,500, ಹುಲ್ಲು ಮತ್ತು ಕಾಲುದಾರಿಯ ಕಲ್ಲಿಗೆ 9,500, ನಾಲ್ಕು ದಿನದ ಕೂಲಿ 8,000 ಎಂದು ಚೀಟಿಯಲ್ಲಿ ಬರೆದರು. ಕೆಳಗೆ, ನೆಟ್ಟ ಗಿಡ ಮೂವತ್ತು ದಿನದೊಳಗೆ ಸತ್ತರೆ ಬೇರೆ ಗಿಡ ತಂದು ನೆಟ್ಟುಕೊಡುತ್ತೇನೆ, ದುಡ್ಡು ಬೇಡ ಎಂದು ಬರೆದು ಸಹಿ ಹಾಕಿದರು. ಇದರಲ್ಲಿ ನಿಮಗೆ ಲುಕ್ಸಾನು ಆಗಲ್ವಾ ಎಂದು ಅಣ್ಣ ಕೇಳಿದ್ದಕ್ಕೆ, ‘ಸರಿಯಾಗಿ ನೆಟ್ರೆ ಗಿಡಕ್ಕೇನು ಸಾಯಲೇಬೇಕು ಅಂತ ಹಠಾನಾ?’ ಎಂದರು. ಆ ಚೀಟಿ ಈಗ ಠಾಣೆಯಲ್ಲಿದೆ.

2ನೇ ತಾರೀಖು ಬೆಳಿಗ್ಗೆ 6 ಗಂಟೆಗೆ ಅಣ್ಣ ಲಾರಿ ಹತ್ತಿದ. ಹೊರಡುವಾಗ, ‘ಐದು ಕೆಲಸ ಬಿಟ್ಟಿದ್ದೀಯ, ಹಿತ್ತಲನ್ನಾದ್ರೂ ಬಿಡಬೇಡ ಮಾರಾಯ್ತಿ’ ಎಂದ. ಅದು ತಮಾಷೆಗೆ ಹೇಳಿದ್ದು.

3ನೇ ತಾರೀಖು ಸೋಮವಾರದಿಂದ 6ನೇ ತಾರೀಖಿನವರೆಗೆ ಹಾರೆ ಅಕ್ಕ ಇಬ್ಬರು ಆಳುಗಳ ಜೊತೆ ಬೆಳಿಗ್ಗೆ 8ಕ್ಕೆ ಬಂದು ಸಂಜೆ 5:30ರವರೆಗೆ ಕೆಲಸ ಮಾಡಿದರು. ಎರಡು ಲೋಡು ಚೂರು ಹೊರಗೆ ಹೋಯಿತು. ದಾರ ಕಟ್ಟಿ, ರಸಮಟ್ಟ ಇಟ್ಟು ನೆಲ ಮಟ್ಟ ಮಾಡಿದರು. ಒಟ್ಟು 24 ಗಿಡ ನೆಟ್ಟರು. ಕೆಲಸದಲ್ಲಿ ಮೋಸ ಇರಲಿಲ್ಲ. ನಾನು ನಾಲ್ಕೂ ದಿನ ಅವರ ಹಿಂದೆಯೇ ಇದ್ದೆ. ಎರಡನೇ ದಿನ ಅವರು, ‘ಸುಮ್ಮನೆ ಕಾಲಿಗೆ ಅಡ್ಡ ಬರೋ ಬದಲು ಪಾತಿ ಮಾಡು ಪುಟ್ಟಿ’ ಎಂದು ಗುದ್ದಲಿ ಕೊಟ್ಟರು. ನಾನು ಮಾಡಿದ ಮೊದಲ ಪಾತಿ ನೋಡಿ, ಇದು ಗಿಡಕ್ಕೋ ಎಮ್ಮೆ ಮಲಗೋಕೋ ಎಂದು ಕೇಳಿದರು. ಆಳುಗಳು ನಕ್ಕರು. ನಾನೂ ನಕ್ಕೆ. ಶಾಲೆ ಯಾಕೆ ಬಿಟ್ಟೆ ಎಂದು ಕೇಳಿದಾಗ, ಬೆಂಚಿನ ಮೇಲೆ ಕೂರೋಕೆ ಆಗ್ತಿರಲಿಲ್ಲ ಎಂದೆ. ಬೇರೆಯವರು ಇದಕ್ಕೆ ಬುದ್ಧಿ ಹೇಳುತ್ತಾರೆ. ಇವರು, ‘ನಂಗೂ ಕೂತರೆ ಸೊಂಟ ಹಿಡಿಯುತ್ತೆ’ ಎಂದು ಹೇಳಿ ಕೆಲಸ ಮುಂದುವರಿಸಿದರು.

6ನೇ ತಾರೀಖು ಸಂಜೆ 5:40ಕ್ಕೆ ಪೂರ್ತಿ ದುಡ್ಡು ಕೊಟ್ಟೆ. ಅವರು ಎಣಿಸಿಕೊಂಡು ಹೋದರು.

7ನೇ ತಾರೀಖಿನಿಂದ 10ನೇ ತಾರೀಖಿನವರೆಗೆ ನಾನು ಎರಡು ಸಲ ಮಾತಾಡಿದ್ದೇನೆ. ಎರಡೂ ಸಲ ಅಂಗಡಿಯವನ ಹತ್ತಿರ, ಚಿಲ್ಲರೆ ವಿಷಯಕ್ಕೆ. ಅಣ್ಣನ ಫೋನ್ ಒಂದು ಸಲ ಬಂತು, ಗಾಳಿ ಸದ್ದಿನಲ್ಲಿ ಕೇಳಿಸಲಿಲ್ಲ. ಇದು ಕೇಸಿಗೆ ಬೇಕೇ ಎಂದು ಬರೆದುಕೊಳ್ಳುತ್ತಿರುವವರು ಕೇಳಿದರು. ಬೇಕು ಎಂದಿದ್ದೇನೆ.

11ನೇ ತಾರೀಖು ಒಂದು ದಾಸವಾಳ ಒಣಗಿತು. ಅದು ತಾನಾಗಿಯೇ ಒಣಗಿದ್ದು, ಅದಕ್ಕೆ ನಾನು ಏನೂ ಮಾಡಿಲ್ಲ. ಫೋನ್ ಮಾಡಿದೆ. 12ರಂದು ಬೆಳಿಗ್ಗೆ 9:30ಕ್ಕೆ ಹಾರೆ ಅಕ್ಕ ಬೇರೆ ದಾಸವಾಳ ತಂದು ನೆಟ್ಟರು. ಅವರ ಮನೆ ನಮ್ಮಲ್ಲಿಂದ 11 ಕಿಲೋಮೀಟರು. ನೆಡಲು 20 ನಿಮಿಷ ಸಾಕಿತ್ತು. ನಾನು ಚಹಾ ಮಾಡಿದ್ದರಿಂದ ಎರಡು ಗಂಟೆ ಕೂತರು. ಒಬ್ಬ ಮೇಷ್ಟ್ರ ಮನೆಯ ತೋಟದಲ್ಲಿ ಆಮೆ ಸಿಕ್ಕಿದ್ದು, ಅದನ್ನು ಅವರು ಕಲ್ಲು ಎಂದುಕೊಂಡು ಕಾಲುದಾರಿಗೆ ಜೋಡಿಸಿದ್ದು, ಮಧ್ಯಾಹ್ನ ದಾರಿಯಲ್ಲಿ ಒಂದು ಕಲ್ಲು ಕಡಿಮೆ ಆದದ್ದು, ಇದನ್ನೆಲ್ಲ ಹೇಳಿದರು. ಹೋಗುವಾಗ ಗ್ಯಾರಂಟಿ ಇರೋವರೆಗೂ ಹೆದರಬೇಡ, ಏನಾದ್ರೂ ಆದ್ರೆ ಫೋನ್ ಮಾಡು ಎಂದರು.

15ನೇ ತಾರೀಖು ಶನಿವಾರ ಬೆಳಿಗ್ಗೆ 7 ಗಂಟೆಗೆ ಚಹಾಕ್ಕೆ ಇಟ್ಟ ನೀರು ಕುದಿಯುತ್ತಿತ್ತು. ಒಬ್ಬಳಿಗೆ ಒಂದು ಲೋಟ ಸಾಕು, ನಾನು ಪಾತ್ರೆ ತುಂಬ ಇಟ್ಟಿದ್ದೆ. ಅಡುಗೆಮನೆ ಬಾಗಿಲಿನಿಂದ ಗುಲಾಬಿ ಸಾಲಿಗೆ 14 ಹೆಜ್ಜೆ. ಪಾತ್ರೆ ತೆಗೆದುಕೊಂಡು ಹೋಗಿ ಎರಡು ಗುಲಾಬಿಯ ಬುಡಕ್ಕೆ ಸುರಿದೆ. ಗೊತ್ತಿದ್ದೇ ಸುರಿದೆ. ಮಾರನೇ ದಿನ ಎಲೆಗಳು ಜೋತುಬಿದ್ದಿದ್ದವು. ಫೋನ್ ಮಾಡಿದೆ. 17ರಂದು ಅವರು ಬಂದು ಎರಡು ಗುಲಾಬಿ ನೆಟ್ಟು, ಚಹಾ ಕುಡಿದು, ಒಂದೂವರೆ ಗಂಟೆ ಇದ್ದು ಹೋದರು.

20ನೇ ತಾರೀಖು ನಾಲ್ಕು ಗಿಡಕ್ಕೆ ಸುರಿದೆ. 22ರಂದು ಅವರು ಬಂದರು. ಆ ದಿನ ಅವರು ಜೋಕು ಮಾಡಲಿಲ್ಲ. ಸತ್ತ ಗಿಡ ಕಿತ್ತು ಬೇರು ನೋಡಿದರು, ಮಣ್ಣು ಮೂಸಿದರು, ಚೂರು ಬಾಯಿಗೂ ಹಾಕಿಕೊಂಡು ಉಗುಳಿದರು. ಹುಳ ಇಲ್ಲ, ನೀರು ನಿಂತಿಲ್ಲ, ಏನಾಗ್ತಿದೆ ಅಂತ ಗೊತ್ತಾಗ್ತಿಲ್ಲ ಪುಟ್ಟಿ ಎಂದರು. ಗಿಡ ಕೊಟ್ಟ ನರ್ಸರಿಯವರ ಜೊತೆ ಹನ್ನೊಂದು ವರ್ಷದ ವ್ಯವಹಾರ, ನಿನ್ನೆ ಅವರಿಗೆ ಬಾಯಿಗೆ ಬಂದ ಹಾಗೆ ಬೈದು ಬಂದೆ, ಇನ್ನು ಅಲ್ಲಿಗೆ ಹೋಗಲ್ಲ ಎಂದೂ ಹೇಳಿದರು. ಬೇರೆ ಕಡೆಯಿಂದ ತಂದ ನಾಲ್ಕು ಗಿಡವನ್ನು ಎರಡು ಚೀಲ ಹೊಸ ಮಣ್ಣು ಹಾಕಿ ನೆಟ್ಟರು, ಮಣ್ಣಿಗೂ ದುಡ್ಡು ತೆಗೆದುಕೊಳ್ಳಲಿಲ್ಲ. ಆಗಲೇ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡೂ ಸಲ ಇನ್ನೊಂದು ಲೋಟ ಚಹಾ ಬೇಕಾ ಎಂದು ಕೇಳಿದೆ.

ಅವರು ಹೋದ ಮೇಲೆ ಇನ್ನು ಮಾಡುವುದಿಲ್ಲ ಎಂದುಕೊಂಡೆ. 24ನೇ ತಾರೀಖು ಬೆಳಿಗ್ಗೆ 11:05ಕ್ಕೆ, ಯಾವ ಗಿಡವೂ ಸತ್ತಿಲ್ಲದಿದ್ದಾಗ, ಅವರಿಗೆ ಫೋನ್ ಮಾಡಿದೆ. ಹಿಂದೆ ಕಲ್ಲು ಕೊಯ್ಯುವ ಯಂತ್ರದ ಸದ್ದಿತ್ತು. ಗಿಡಗಳು ಹೇಗಿವೆ ಎಂದು ಕೇಳಿದರು. ಚೆನ್ನಾಗಿವೆ ಎಂದೆ. ಮತ್ತೇನು ವಿಷಯ ಎಂದರು. ಏನೂ ಇಲ್ಲ ಎಂದೆ. ‘ಹಾಗಾದ್ರೆ ಸರಿ ಪುಟ್ಟಿ, ಕೈ ತುಂಬ ಕೆಲಸ ಇದೆ, ಇಡ್ತೀನಿ’ ಎಂದು ಇಟ್ಟರು. ಒಟ್ಟು 38 ಸೆಕೆಂಡು. ಫೋನಿನಲ್ಲಿ ಇನ್ನೂ ತೋರಿಸುತ್ತದೆ.

25ನೇ ತಾರೀಖು ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ಎರಡು ಸಲ ನೀರು ಕಾಯಿಸಿ ಒಂಬತ್ತು ಗಿಡಕ್ಕೆ ಸುರಿದೆ. 26ರಂದು ಫೋನ್ ಮಾಡಿದಾಗ ಅವರು ಎಷ್ಟು ಗಿಡ ಎಂದು ಎರಡು ಸಲ ಕೇಳಿ, ನಾಳೆ ಬರ್ತೀನಿ ಎಂದರು.

27ನೇ ತಾರೀಖು ಮಧ್ಯಾಹ್ನ 2 ಗಂಟೆಗೆ ಅಣ್ಣ ಮನೆಗೆ ಬಂದ. ಚಪ್ಪಲಿಯೂ ಬಿಡದೆ ಹಿತ್ತಲಿಗೆ ಹೋಗಿ ನೋಡಿದ. ಸಂಜೆ 4ಕ್ಕೆ ಹಾರೆ ಅಕ್ಕ ಒಂಬತ್ತು ಗಿಡ ತಂದರು. ಎರಡು ವರ್ಷ ಊಟ ಬಿಟ್ಟು ಕೂಡಿಟ್ಟ ದುಡ್ಡು ತಿಂದು ಕೊಳೆತ ಗಿಡ ನೆಟ್ಟಿದ್ದೀರಿ, 42,000 ವಾಪಸ್ ಇಡಿ ಎಂದು ಅಣ್ಣ ಕೂಗಾಡಿದ. ಅವರು ಕೂಗಲಿಲ್ಲ. ನಂದೇ ಏನೋ ತಪ್ಪಾಗಿರಬೇಕು, ಗಿಡದ ದುಡ್ಡು ಕೊಡ್ತೀನಪ್ಪ, ಪೂರ್ತಿ ಕೊಡೋ ಶಕ್ತಿ ನಂಗಿಲ್ಲ ಎಂದರು. ಅಣ್ಣ ಅದನ್ನೇ ಹಿಡಿದುಕೊಂಡು, ತಪ್ಪು ಒಪ್ಪಿಕೊಂಡರಲ್ಲ ಎಂದ. ಇದು 25 ನಿಮಿಷ ನಡೆಯಿತು. ಆ 25 ನಿಮಿಷವೂ ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ. ಅವರು ಗಿಡಗಳನ್ನು ಇಳಿಸದೆ ವಾಪಸ್ ತೆಗೆದುಕೊಂಡು ಹೋದರು. ಅಣ್ಣ ಚಹಾ ಬೇಡ ಎಂದ, ಅಂದು ನಾನು ಒಂದೇ ಲೋಟ ತೊಳೆದೆ.

ಇವತ್ತು 28ನೇ ತಾರೀಖು ಶುಕ್ರವಾರ ಬೆಳಿಗ್ಗೆ 10ಕ್ಕೆ ಅಣ್ಣ ಠಾಣೆಗೆ ಬಂದು ದೂರು ಕೊಟ್ಟ. ಮಧ್ಯಾಹ್ನ ಊಟಕ್ಕೆ ಕೂತಾಗ, ಅವರನ್ನು ಆಟೋ ಸಮೇತ ಕರೆತಂದಿದ್ದಾರಂತೆ, ಇನ್ನು ಈ ಊರಲ್ಲಿ ಯಾರೂ ಅವರಿಗೆ ಕೆಲಸ ಕೊಡಲ್ಲ, ಹಾಗೆ ಮಾಡ್ತೀನಿ ನೋಡು ಎಂದ. ನಾನು ಅರ್ಧ ಊಟದಲ್ಲಿ ಎದ್ದು ಕೈ ತೊಳೆದೆ. ಬಸ್ಸಿಗೆ ಕಾಯಲು ಆಗಲಿಲ್ಲ. ಮೂರೂವರೆ ಕಿಲೋಮೀಟರು ನಡೆದು 2:20ಕ್ಕೆ ಇಲ್ಲಿಗೆ ಬಂದೆ. ಹಾರೆ ಅಕ್ಕ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಅವರ ಹಾರೆಯನ್ನು ಗೋಡೆಗೆ ಒರಗಿಸಿ, ನಂಬರು ಬರೆದ ಚೀಟಿ ಕಟ್ಟಿದ್ದರು. ನಾನು ಬರುವಷ್ಟರಲ್ಲಿ ಅವರು ಕೂತು ಮೂರು ಗಂಟೆ ಆಗಿತ್ತಂತೆ.

ಗಿಡ ಸಾಯಿಸಿದ್ದು ನಾನು ಎಂದು ಅವರೆದುರಿಗೇ ಸಾಹೇಬರಿಗೆ ಹೇಳಿದೆ. ಸಾಹೇಬರು ಮೊದಲು ನಂಬಲಿಲ್ಲ. ಇವರು ನಿನ್ನ ಕೈಗೆ ಏನಾದರೂ ಕೊಟ್ಟು ಹೇಳಿಸುತ್ತಿದ್ದಾರಾ ಎಂದು ಕೇಳಿದರು. ಚಹಾ ಕೊಟ್ಟಿದ್ದು ನಾನು, ಅವರು ಏನೂ ಕೊಟ್ಟಿಲ್ಲ ಎಂದೆ. ಹಾರೆ ಅಕ್ಕ ಒಂದೇ ಪ್ರಶ್ನೆ ಕೇಳಿದರು. ಮೊದಲು ಹೋಯ್ತಲ್ಲ, ಆ ದಾಸವಾಳ, ಅದೂ ನೀನೇನಾ ಎಂದರು. ಅಲ್ಲ, ಅದು ತಾನೇ ಒಣಗಿದ್ದು ಎಂದೆ. ‘ಹಾಗಾದ್ರೆ ಅದೊಂದು ನನ್ನ ಲೆಕ್ಕ’ ಎಂದರು. ಆಮೇಲೆ ಹಾರೆಯ ಕಡೆ ತಿರುಗಿ ಕೂತರು. ನನ್ನ ಕಡೆ ನೋಡಲಿಲ್ಲ.

ಯಾಕೆ ಹೀಗೆ ಮಾಡಿದೆ ಎಂದು ಸಾಹೇಬರು ಕೇಳಿದ್ದರಿಂದ ಹೇಳುತ್ತಿದ್ದೇನೆ. ಹಾರೆ ಅಕ್ಕ ಬಂದ ದಿನ ತೊಳೆಯಲು ಎರಡು ಲೋಟ ಇರುತ್ತಿತ್ತು. ಸುಮ್ಮನೆ ಬನ್ನಿ ಅಂತ ಕರೆದಿದ್ದರೆ ಬರುತ್ತಿರಲಿಲ್ಲವೇ ಎಂದು ಸಾಹೇಬರು ಕೇಳಿದರು. 24ನೇ ತಾರೀಖಿನ ಫೋನ್ ಬಗ್ಗೆ ಮೇಲೆ ಹೇಳಿದ್ದೇನೆ. ಅದರಲ್ಲಿ ಹಾರೆ ಅಕ್ಕನ ತಪ್ಪಿಲ್ಲ, ಅವರಿಗೆ ಕೆಲಸ ಇತ್ತು.

ನನ್ನಿಂದ ಅವರಿಗೆ ಆದ ನಷ್ಟ: ಹದಿನೈದು ಗಿಡ, ಎರಡು ಚೀಲ ಮಣ್ಣು, 17, 22 ಮತ್ತು 27ನೇ ತಾರೀಖಿನ ಓಡಾಟ ತಲಾ 22 ಕಿಲೋಮೀಟರು, ಇವತ್ತಿನ ಕೂಲಿ, ಮತ್ತು ನರ್ಸರಿಯವರ ಹನ್ನೊಂದು ವರ್ಷ. ನರ್ಸರಿಗೆ ನಾಳೆ ನಾನೇ ಹೋಗಿ ಹೇಳುತ್ತೇನೆ. ಅಣ್ಣ ಐದು ಗಂಟೆಗೆ ಇಲ್ಲಿಗೆ ಬರುತ್ತಾನಂತೆ, ಅವನಿಗೂ ನಾನೇ ಹೇಳುತ್ತೇನೆ. ನನ್ನ ಹತ್ತಿರ ಈಗ 1,140 ಇದೆ, ಅದನ್ನು ಅವರಿಗೆ ಕೊಡಬೇಕು. ಉಳಿದದ್ದನ್ನು ಕೆಲಸಕ್ಕೆ ಸೇರಿ ತೀರಿಸುತ್ತೇನೆ. ಆರನೇ ಕೆಲಸವನ್ನು ಬಿಡುವುದಿಲ್ಲ ಎಂದೂ ಬರೆದುಕೊಳ್ಳಲೇ ಎಂದು ಕೇಳಿದರು. ಅದು ಬೇಡ ಎಂದೆ, ಯಾಕೆಂದರೆ ಅದು ನನಗೆ ಗೊತ್ತಿಲ್ಲ.

ಇದನ್ನು ನನಗೆ ಓದಿ ಹೇಳಿದರು. ಎರಡು ಕಡೆ ಗಿಡಗಳು ಒಣಗಿದವು ಎಂದು ಬರೆದಿತ್ತು, ನಾನು ಬಿಸಿನೀರು ಸುರಿದೆ ಎಂದು ತಿದ್ದಿಸಿದ್ದೇನೆ.

ಕೊನೆಯದಾಗಿ, ಚೀಟಿಯ ಪ್ರಕಾರ ಗ್ಯಾರಂಟಿ ಮುಂದಿನ ತಿಂಗಳ 6ನೇ ತಾರೀಖಿನವರೆಗೆ ಇದೆ. ಇನ್ನೂ ಎಂಟು ದಿನ ಬಾಕಿ. ಆ ಎಂಟು ದಿನ ನನಗೆ ಬೇಡ. ಹಿತ್ತಲಲ್ಲಿ ಈಗ ಉಳಿದಿರುವ ಹದಿನೈದು ಗಿಡಗಳಲ್ಲಿ ಯಾವುದು ಸತ್ತರೂ ಅವರು ನಮ್ಮ ಮನೆಗೆ ಬರಬೇಕಾಗಿಲ್ಲ. ನಾನು ಫೋನ್ ಮಾಡುವುದಿಲ್ಲ. ಅವರ ಹಾರೆಗೆ ಕಟ್ಟಿದ ಚೀಟಿ ಬಿಚ್ಚಿ ಅವರನ್ನು ಕಳಿಸಿಕೊಡಬೇಕು.

ಮೇಲೆ ಹೇಳಿದ್ದರಲ್ಲಿ ನನಗೆ ಗೊತ್ತಿದ್ದೂ ಬಿಟ್ಟದ್ದು ಯಾವುದೂ ಇಲ್ಲ, ಗೊತ್ತಿಲ್ಲದೆ ಸೇರಿಸಿದ್ದೂ ಇಲ್ಲ.

ಸ್ಥಳ: ಠಾಣೆ, ಬಾಗಿಲ ಪಕ್ಕದ ಮೇಜು
ತಾರೀಖು: 28, ಶುಕ್ರವಾರ, ಸಂಜೆ 4:40
ಸಹಿ: (ದೂರುದಾರರ ತಂಗಿ)