ಕಲ್ಲುಸಕ್ಕರೆ ಕಡಿದ ಸದ್ದು

ನಾರಾಯಣಪೇಟೆ ಜಿಲ್ಲೆಯಾದ ವರ್ಷ. ನನ್ನ ಚಿಕ್ಕಮ್ಮ, ಚಿಗವ್ವ ಚನ್ನವೀರಮ್ಮನನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು. ಅವಳ ಶಿವಗಣಾರಾಧನೆಗೆ ಬೀಗರನ್ನು ಕರೆಯಲು ನಾರಾಯಣಪೇಟೆಗೆ ಹೋಗಿದ್ದ ನಾನೂ ಅವಳ ಮಗ ಕೊಟ್ರೇಶನೂ ಕಡೆಯ ಬಸ್ಸಿಗೆ ಮಕ್ತಲದಲ್ಲಿ ಇಳಿದೆವು. ನಮ್ಮ ನೇಕಾರರ ಓಣಿಗೆ ಹಾಳುಬಾವಿಯ ದಾರಿಯೇ ಹತ್ತಿರ. ಅದನ್ನೇ ಹಿಡಿದೆವು.

ಬಾವಿಯ ಕಟ್ಟೆ ಕಂಡಿತು... ಕಟಕ್.

ನೀರಿಗೆ ಕಲ್ಲು ಬಿದ್ದ ಸದ್ದಲ್ಲ. ಒಣಕಡ್ಡಿ ಮುರಿದದ್ದೂ ಅಲ್ಲ. ದವಡೆಯಲ್ಲಿ ಕಲ್ಲುಸಕ್ಕರೆ ಒಡೆದ ಸದ್ದು. ಹಿಂದೆಯೇ, ಮೆಲ್ಲಗೆ ಚೀಪುವ ಸದ್ದು.

ಕೊಟ್ರೇಶ ನನ್ನ ತೋಳು ಹಿಡಿದ. "ಅಣ್ಣಾ... ಕೇಳಿಸ್ತೇನ್ರಿ?"

"ಸುಮ್ನ ನಡಿ."

ಕೇಳಿಸಿತ್ತು. ಯಾಕೆಂದೂ ಗೊತ್ತಿತ್ತು.

ಚಿಗವ್ವನ ಕುತ್ತಿಗೆಯಲ್ಲಿ ಗಂಟಾಗಿತ್ತು. ಕ್ಯಾನ್ಸರ್. ಆದರೆ ಹುಟ್ಟಿದ್ದು ಬೇರೆಲ್ಲೋ, ಅಲ್ಲಿಂದ ಹರಡಿದ್ದು ಅಂದರು ಡಾಕ್ಟರು. ಎಲ್ಲಿ ಎಂದು ತಿಳಿದರೆ ಔಷಧಿ ಗೊತ್ತುಮಾಡಬಹುದು. ಅದಕ್ಕೆ ಹೈದರಾಬಾದಿನಲ್ಲಿ ಪೆಟ್ ಸ್ಕ್ಯಾನ್. ಸಕ್ಕರೆಯಂಥ ಔಷಧಿಯೊಂದನ್ನು ರಕ್ತಕ್ಕೆ ಬಿಡುತ್ತಾರೆ. ಕ್ಯಾನ್ಸರ್ ಇದ್ದಲ್ಲಿ ಅದು ಸೇರಿಕೊಂಡು ಚಿತ್ರದಲ್ಲಿ ಹೊಳೆಯುತ್ತದೆ. ಮೊದಲು ಆರು ತಾಸು ನೀರು ಬಿಟ್ಟು ಏನೂ ಬಾಯಿಗೆ ಹಾಕುವಂತಿಲ್ಲ.

ಕೊಟ್ರೇಶನಿಗೆ ಮಗ್ಗದ ಮೇಲೆ ಮದುವೆಯ ಸೀರೆ ಇತ್ತು, ಬಿಟ್ಟು ಬರುವಂತಿರಲಿಲ್ಲ. ಇಂಗ್ಲಿಷ್ ಬಲ್ಲವನೆಂದು ಅವಳ ಜೊತೆ ನಾನು ಹೋದೆ.

ಅವತ್ತು ಬೆಳಿಗ್ಗೆ ಲಿಂಗಪೂಜೆ ಮುಗಿಸಿದ ಚಿಗವ್ವ, ನಿತ್ಯದಂತೆ ಒಂದು ಹರಳು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡಳು. ಗದರಿದೆ. "ಪ್ರಸಾದ ಊಟಂತ ಯಾವ ಸಾಲ್ಯಾಗ ಕಲಿಸ್ಯಾರಪ್ಪ ನಿನಗ?" ಎಂದು ನಕ್ಕಳು. ನಾನು ನಗಲಿಲ್ಲ. ಸ್ಕ್ಯಾನಿನವರಿಗೆ ಹೇಳಿದೆ. ಹೇಳಬೇಕಾದದ್ದೇ.

"ಪರ್ವಾಲೇದು ಸಾರ್," ಎಂದಳು ಅಲ್ಲಿನ ಹೆಣ್ಣುಮಗಳು. ತೊಂದರೆಯಿಲ್ಲ, ಮಧ್ಯಾಹ್ನದವರೆಗೆ ಕೂರಿಸಿ, ರಕ್ತದ ಸಕ್ಕರೆ ನೋಡಿ ಮಾಡೋಣ ಎಂದಳು.

"ಕೂತಿರ್ತೀನಪ್ಪ," ಎಂದಳು ಚಿಗವ್ವ. "ಬೇಕಾದ್ರ ಸಂಜಿತನಕ ಕೂತಿರ್ತೀನಿ."

"ನೇಮ ಅಂದ್ರ ನೇಮ," ಎಂದೆ ನಾನು. ಬೇರೆ ತಾರೀಖು ಕೇಳಿದೆ. ಮೂರು ವಾರದ ಮೇಲೆ ಸಿಕ್ಕಿತು. ಅವಳು ಎರಡು ದಿನ ಮೊದಲೇ ಹೋದಳು. ರೋಗ ಎಲ್ಲಿ ಹುಟ್ಟಿತ್ತೋ, ಯಾರಿಗೂ ತಿಳಿಯಲಿಲ್ಲ.

ಸ್ಕ್ಯಾನ್ ಆಗಿದ್ದರೆ ಉಳಿಯುತ್ತಿದ್ದಳೋ... ಹೇಳಲಾರೆ. ಆದರೆ ಮಷಿನ್ ಕೆಟ್ಟಿತ್ತೆಂದು ಕೊಟ್ರೇಶನಿಗೆ ಸುಳ್ಳು ಹೇಳಿದ್ದೆ. ಚಿಗವ್ವ ಒಮ್ಮೆಯೂ ನನ್ನನ್ನು ಬಿಟ್ಟುಕೊಡಲಿಲ್ಲ.

ಕಟಕ್.

ಆಮೇಲೆ ಕಟ್ಟೆಯ ಕಡೆಯಿಂದ, ಪಿಸುದನಿ... "ಕೂತೀನಪ್ಪ. ಆರು ತಾಸು ಆತೇನು?"

ಕೊಟ್ರೇಶ ಕತ್ತಲಲ್ಲಿ ನನ್ನತ್ತ ತಿರುಗಿದ. "ಅವ್ವ ಏನಂದ್ಲ್ರಿ, ಅಣ್ಣಾ?"

ಅಲ್ಲೇ ನಿಂತು ಎಲ್ಲ ಹೇಳಿದೆ. ಅವನು ನನ್ನ ತೋಳು ಬಿಟ್ಟ. ಒಬ್ಬನೇ ಮುಂದೆ ನಡೆದ. ಅವನ ಚಪ್ಪಲಿಯ ಸಪ್ಪಳ ಓಣಿಯ ತಿರುವಿನವರೆಗೂ ಕೇಳಿಸಿತು.

ನಾನು ಉತ್ಪ್ರೇಕ್ಷೆ ಮಾಡುವವನಲ್ಲ, ನಡೆದದ್ದಷ್ಟೇ ಬರೆದಿದ್ದೇನೆ. ಬೆಳಿಗ್ಗೆ ನನ್ನ ಬೀರುವಿನ ಬೀಗ ತೆಗೆದೆ. ಚಿಗವ್ವನ ಫೈಲಿನೊಳಗೆ ಕೆಂಪಿರುವೆಯ ಸಾಲು ಹೋಗುತ್ತಿತ್ತು. ಒಳಗಿದ್ದದ್ದು ಸ್ಕ್ಯಾನಿಗೆ ನಾನು ಕೇಳಿ ಪಡೆದ ಬೇರೆ ತಾರೀಖಿನ ಚೀಟಿ ಒಂದೇ. ಒಣಕಾಗದ. ಇರುವೆಗಳು ಅದನ್ನು ಪೂರ್ತಿ ಮುತ್ತಿದ್ದವು.