ನೆರಳೂರಿಗೆ ನಾಲ್ಕು ಅಂಕ

…ಇಲ್ಲ, ನಾಲ್ಕೇ. ಹತ್ತಕ್ಕೆ ನಾಲ್ಕು. ಬರೆದಾಯ್ತು, ಕೆಳಗೆ ಸುಗಾ ಮಿನೆಕೊ ಅಂತ ನನ್ನ ಹೆಸರೂ ಹಾಕಾಯ್ತು. ಆ ಯೋಕಾನ್ ಪೆಟ್ಟಿಗೆಯನ್ನ ನನ್ನ ಕಡೆ ತಳ್ಳಬೇಡ ಮಾಹೊ. ಸಿಹಿ ತಿಂದು ಅಂಕ ಹಾಕೋಳಲ್ಲ ನಾನು. ಇದೇ ಪತ್ರಿಕೆಯಲ್ಲಿ, ಇದೇ ಮೇಜಿನ ಮುಂದೆ ನನ್ನ ಹತ್ತಿರ ಕೆಲಸ ಕಲಿತವಳು ನೀನು. ಗೇಮ್ ಮಾಡೋರು ಹೀಗೆ ಪೆಟ್ಟಿಗೆ ಹಿಡ್ಕೊಂಡು ಬಂದ್ರೆ ಬಾಗಿಲಿಂದಲೇ ವಾಪಸ್ ಕಳಿಸ್ತಿದ್ದವಳು ನೀನೇ ಅಲ್ವಾ? ಈಗ ನೀನೇ ಗೇಮ್ ಮಾಡಿದ್ದೀಯ, ನೀನೇ ಪೆಟ್ಟಿಗೆ ಹಿಡ್ಕೊಂಡು ಬಂದಿದ್ದೀಯ. ಭೇಷ್!

ಏನು? ಏನಂದೆ? ಮೊದಲು ಆ ಮುಖಗವಸು ತೆಗಿ. ನೆಗಡಿ ಇದ್ರೆ ಇರ್ಲಿ, ನನ್ನ ಜೀವಮಾನದಲ್ಲಿ ಎಷ್ಟು ನೆಗಡಿ ನೋಡಿಲ್ಲ ನಾನು! ಹಿರಿಯರ ಮುಂದೆ ಬಾಯಿಗೆ ಬಟ್ಟೆ ಕಟ್ಕೊಂಡು ಗೊಣಗೊಣ ಅನ್ನೋದು ಯಾವ ಮರ್ಯಾದೆ? ಹಾಂ. ಈಗ ಹೇಳು. ನೇರ ನನ್ನ ಮುಖ ನೋಡ್ಕೊಂಡು ಹೇಳು.

ಚಿಕ್ಕದು ಅಂತ ಅಂಕ ಕಮ್ಮಿ ಮಾಡಿದ್ನಾ? ಅದಕ್ಕಲ್ಲ! ಸರಿಯಾಗಿ ಓದಿದ್ದೀಯಾ ನಾನು ಬರೆದಿದ್ದನ್ನ? ಚಿಕ್ಕದಾದ್ರೆ ಆಗ್ಲಿ. ಮಧ್ಯಾಹ್ನ ಊಟ ಮಾಡಿ ಕೂತ್ರೆ ಚಹಾ ಹೊತ್ತಿಗೆ ಮುಗಿಯುತ್ತೆ ನಿನ್ನ ‘ನೆರಳೂರು’. ಮುಗೀಲಿ! ‘ತೆರೆದ ಲೋಕ, ಎಲ್ಲಿಗೆ ಬೇಕಾದ್ರೂ ಹೋಗಿ’ ಅಂತ ಡಬ್ಬದ ಮೇಲೆ ಅಚ್ಚು ಹಾಕಿದ್ದೀರಿ. ಒಳಗೆ ನೋಡಿದ್ರೆ ಒಂದು ಸೇತುವೆ, ಒಂದು ಬಣ್ಣಗಾರರ ಬೀದಿ, ಒಂದು ಉಗ್ರಾಣ. ಅಂಗೈಯಗಲದ ಊರು. ಅದಕ್ಕೂ ನಾನು ಬೈದಿಲ್ಲ. ಬೈದಿದ್ದೀನಾ? ಊರು ಅಂಗೈಯಷ್ಟಿದ್ರೂ ರೇಖೆ ರೇಖೆಯೂ ಕಾಣುತ್ತೆ ಅಂತಲೇ ಬರೆದಿದ್ದೀನಿ. ಆ ಹೆಂಚಿನ ಮೇಲಿನ ಇಬ್ಬನಿ! ಒಣಹಾಕಿದ ನೀಲಿ ಬಟ್ಟೆಗಳ ಮಧ್ಯೆ ಆ ಹುಡುಗಿ ನುಸುಳಿ ಹೋಗೋದು! ಒಬ್ಬ ಕಾವಲುಗಾರ ತನ್ನ ಅನ್ನದುಂಡೆಯಲ್ಲಿ ಅರ್ಧ ಮುರಿದು ಬೆಕ್ಕಿಗೆ ಹಾಕ್ತಾನಲ್ಲ, ಅದನ್ನ ನೋಡ್ಕೊಂಡು ನಾನು ಮರದ ಮೇಲೇ ಕೂತುಬಿಟ್ಟೆ. ಸೆರೆಯಲ್ಲಿರೋ ಆ ಹುಡುಗಿಯ ಅಣ್ಣನನ್ನ ಬಿಡಿಸೋಕೆ ಬಂದಿದ್ದೀನಿ ಅನ್ನೋದೇ ಮರೆತುಹೋಯ್ತು.

ಯಾಕೆ ನಗ್ತೀಯ? ಹೊಗಳಿದೆ ಅಂತ ಹಿಗ್ಗಬೇಡ. ಅಷ್ಟು ಚೆನ್ನಾಗಿ ಮಾಡಿ ಕೊನೆಗೆ ಹಾಳು ಮಾಡಿದ್ದೀಯಲ್ಲ, ಅದಕ್ಕೇ ನನಗೆ ಸಿಟ್ಟು! ಕೈಲಾಗದವರು ಕೆಡಿಸಿದ್ರೆ ನಾಲ್ಕು ಸಾಲು ಬರೆದು ಸುಮ್ಮನಾಗ್ತೀನಿ. ನೀನು ಕೆಡಿಸಿದ್ರೆ ನನಗೆ ಹೊಟ್ಟೆ ಉರಿಯುತ್ತೆ.

ಮೋಸ ಇದೆ ನಿನ್ನ ಗೇಮಲ್ಲಿ. ಮೋಸ! ಕಣ್ಣುತಪ್ಪಿಸಿ ಆಡೋ ಆಟ ಅಂದ್ಮೇಲೆ ಒಂದು ಧರ್ಮ ಇದೆ. ಕಾವಲುಗಾರ ಬರ್ತಿದ್ದಾನೆ ಅನ್ನೋ ಸುಳಿವು ಆಡೋರಿಗೆ ಸಿಗಬೇಕು. ಸುಳಿವು ಸಿಕ್ಕೂ ಸಿಕ್ಕಿಬಿದ್ದರೆ ಅದು ನನ್ನ ತಪ್ಪು. ಸುಳಿವೇ ಇಲ್ಲದೆ ಸಿಕ್ಕಿಬಿದ್ದರೆ? ಅದು ನಿನ್ನ ತಪ್ಪು! ನಾನು ಎಲ್ಲೆಲ್ಲಿ ಸತ್ತೆ, ಹೇಗೆ ಸತ್ತೆ, ಎಲ್ಲಾ ಬರೆದಿಟ್ಕೊಂಡಿದ್ದೀನಿ. ಯಾವಾಗಲೂ ಹಿಂದಿನಿಂದ. ಪ್ರತಿಸಲ ಹಿಂದಿನಿಂದ! ಗೋಡೆಗೆ ಅಂಟ್ಕೊಂಡು ನಿಂತಿರ್ತೀನಿ, ಮುಂದೆ ನೊಣ ಕೂಡ ಇರೋಲ್ಲ, ಅಷ್ಟರಲ್ಲಿ ಬೆನ್ನಿಗೆ ಕತ್ತಿ. ಎಲ್ಲಿಂದ ಬಂದ? ಆಕಾಶದಿಂದ ಉದುರಿದನಾ? ಮಾಡಿದವರು ಸೋಮಾರಿಗಳು, ಬೇಕಾದ ಕಡೆ ಕಾವಲುಗಾರನನ್ನ ಹುಟ್ಟಿಸ್ತಾರೆ ಅಂತ ಬರೆದೆ. ಸುಳ್ಳಾ?

ಕಿಟಕಿ ಕಡೆ ಯಾಕೆ ನೋಡ್ತೀಯ? ಅಲ್ಲೇನಿದೆ? ಕಂಬ ಇದೆ, ಕಂಬದ ಮೇಲೆ ನಗರಸಭೆಯ ಧ್ವನಿವರ್ಧಕ ಇದೆ. ನೀನು ಇಲ್ಲಿದ್ದಾಗಲೂ ಇತ್ತು. ದಿನಾ ಐದಕ್ಕೆ ಆ ಹಾಡು ಹಾಕ್ತಾರೆ, ಮಕ್ಕಳೆಲ್ಲ ಆಟ ಬಿಟ್ಟು ಮನೆಗೆ ಓಡ್ತವೆ. ಹಾಡು ಬಂದ ಕೂಡಲೇ ನಮ್ಮ ಕಚೇರಿ ಹುಡುಗ ಕುರಮೋಚಿ ಬಂದು ಈ ಹಾಳೆ ತಗೊಂಡು ಹೋಗ್ತಾನೆ, ಪುಟ ಅಚ್ಚಿಗೆ. ಅಲ್ಲೀತನಕ ನಿನಗೆ ಹೊತ್ತಿದೆ, ಮಾತಾಡು. ನನ್ನ ಮನಸ್ಸು ಬದಲಾಯಿಸು, ನೋಡೋಣ.

ಗೊತ್ತಮ್ಮಾ, ಗೊತ್ತು. ದುಡ್ಡು ಹಾಕೋ ಮಹಾನುಭಾವ ಈ ಪುಟಕ್ಕೇ ಕಾಯ್ತಿದ್ದಾನೆ. ನಾಲ್ಕು ಜನ ವಿಮರ್ಶಕರಲ್ಲಿ ಯಾರೊಬ್ಬರು ಐದಕ್ಕಿಂತ ಕಮ್ಮಿ ಕೊಟ್ರೂ ಮುಂದಿನ ಭಾಗಕ್ಕೆ ಬಿಡಿಗಾಸಿಲ್ಲ ಅಂದಿದ್ದಾನೆ. ಮಿಕ್ಕ ಮೂವರೂ ಹೊಗಳಿ ಅಟ್ಟಕ್ಕೇರಿಸಿದ್ದಾರೆ. ನನ್ನ ನಾಲ್ಕು ಒಂದೇ ನಿಮ್ಮ ಅಂಗಡಿ ಮುಚ್ಚಿಸೋದು. ಐದು ಹೆಣ್ಣುಮಕ್ಕಳು ಎರಡು ವರ್ಷ ಕಪ್‌ನೂಡಲ್ಸ್ ತಿಂದು ಮಾಡಿದ್ದು. ನನಗೆ ಕರುಳಿಲ್ಲ ಅಂದ್ಕೊಂಡ್ಯಾ? ನಾನೂ ಮೂರು ಮಕ್ಕಳನ್ನ ಹೆತ್ತವಳೇ. ಆದ್ರೆ ಕರುಳು ನೋಡಿ ಅಂಕ ಹಾಕಿದ್ರೆ, ಈ ಕುರ್ಚೀಲಿ ನಾನ್ಯಾಕೆ? ಯಾವುದಾದ್ರೂ ಅಜ್ಜೀನ ಕೂರಿಸ್ಲಿ.

ಅಜ್ಜಿನೇ ಅಲ್ವಾ ಅಂತೀಯಾ? ಹೂಂ, ನಗು, ನಗು. ಮೊಮ್ಮಗಳು ಇದಾಳೆ, ಅಜ್ಜಿನೇ. ಆದ್ರೆ ಈ ಬೆರಳು ನೋಡು. ಕಂಟ್ರೋಲರ್ ಹಿಡಿದ್ರೆ ಈಗಿನ ಹುಡುಗರು ನೀರು ಕುಡೀಬೇಕು.

ಸದ್ದಾ? ಸದ್ದಿನ ಬಗ್ಗೆ… ಬರೆದಿದ್ದೀನಲ್ಲ. ‘ಸದ್ದು, ಸಂಗೀತ ಚೆನ್ನಾಗಿವೆ.’ ಮತ್ತಿನ್ನೇನು ಬರೀಬೇಕು? ಒಂದೇ ಸಾಲು ಯಾಕೆ ಅಂದ್ರೆ… ಜಾಗ ಇಲ್ಲ ಅಷ್ಟೇ! ಹಿಂದೆ ಇಡೀ ಪುಟ ಬರೀತಿದ್ದೆ, ಆಗ ಪತ್ರಿಕೆ ದಪ್ಪ ಇತ್ತು. ‘ಕಣ್ಣು ಮುಚ್ಕೊಂಡು ಆಡಿ ನೋಡು, ಆಗ ಗೇಮಿನ ಯೋಗ್ಯತೆ ಗೊತ್ತಾಗುತ್ತೆ’ ಅಂತ ನಿನಗೆ ಹೇಳ್ಕೊಟ್ಟವಳು ನಾನು. ನನಗೇ ಪಾಠ ಮಾಡ್ತೀಯಾ?

ಇನ್ನೊಂದು ತಪ್ಪು ಇದೆ ಕೇಳು. ಸೇತುವೆ ಮೇಲೆ ಆ ಕುರುಡ ಮುದುಕ ಯಾಕಿದ್ದಾನೆ? ತಂತಿವಾದ್ಯ ಮಡಿಲಲ್ಲಿ ಇಟ್ಕೊಂಡು ಮೀಟ್ತಾ ಕೂತಿರ್ತಾನೆ. ಮಾತಾಡೋಲ್ಲ, ದಾರಿ ತೋರಿಸೋಲ್ಲ, ಕೀಲಿಕೈ ಕೊಡೋಲ್ಲ. ಊರಿಗೆಲ್ಲ ಕಾಣೋ ಹಾಗೆ ಅವನನ್ನ ನಡುಮಧ್ಯೆ ಕೂರಿಸಿದ್ದೀಯ. ಅವನಿಂದ ಮೂರು ಕಾಸಿನ ಉಪಯೋಗ ಇಲ್ಲ!

ಯಾಕೆ ಹಾಗೆ ನೋಡ್ತೀಯ? ಬಾಯಿ ಮುಚ್ಚು, ನೊಣ ಹೋದೀತು.

ನಿಧಾನವಾಗಿ ಹೇಳು. ಅವಸರ ಮಾಡಬೇಡ. ರಾಗ… ಬದಲಾಗುತ್ತೆ. ಕಾವಲುಗಾರ ಹತ್ತಿರ ಬಂದ್ರೆ ಮುದುಕನ ರಾಗ ಬದಲಾಗುತ್ತೆ… ಗೊತ್ತು! ಗೊತ್ತಿಲ್ಲ ಅಂತ ಯಾರಂದ್ರು? ಗೊತ್ತಿದ್ದೇ ಹೇಳಿದ್ದು. ಅದು… ಅದು ಸಾಲದು ಅಂತ ಹೇಳಿದ್ದು. ರಾಗ ಬದಲಾದ್ರೆ ಎಲ್ಲರಿಗೂ ಗೊತ್ತಾಗ್ಬೇಕು ಅಂತ ಏನಿದೆ? ಪರದೆ ಮೇಲೆ ಒಂದು ಗುರುತು ಹಾಕ್ಬೇಕಿತ್ತು. ಒಂದು ಅಕ್ಷರ, ಒಂದು ಬಾಣ, ಏನಾದ್ರೂ. ಎಲ್ಲಾ ಸುಳಿವೂ ಸದ್ದಲ್ಲೇ ಇಟ್ರೆ ಯಾರೋ… ಯಾರೋ ಪಾಪ ರೈಲಲ್ಲಿ ಸದ್ದು ಕಮ್ಮಿ ಮಾಡ್ಕೊಂಡು ಆಡೋರು ಇರ್ತಾರೆ. ಮಗು ಮಲಗಿದೆ ಅಂತ ಸದ್ದಿಲ್ಲದೆ ಆಡೋ ತಾಯಂದಿರು ಇರ್ತಾರೆ. ಅವರೇನು ಮಾಡ್ಬೇಕು? ಅವರು ಮನುಷ್ಯರಲ್ವಾ? ಯೋಚನೆ ಮಾಡಿದ್ರಾ ನೀವು ಐದು ಜನ? ಮಾಡಿಲ್ಲ! ಅದಕ್ಕೇ ನಾಲ್ಕು!

ಮತ್ತೆ ಕಿಟಕಿ ಕಡೆ! ಅಲ್ಲಿ ಏನಂಥ ಚೆಂದ ಕಾಣ್ತಿದೆ? ಕತ್ತಲಾಯ್ತಾ? ನವೆಂಬರಲ್ಲಿ ಬೇಗ ಕತ್ತಲಾಗುತ್ತೆ. ಆ ಗಡಿಯಾರ ನೋಡಬೇಡ, ಅದು ಯಾವಾಗಲೂ ಮುಂದೆ ಓಡೋದು. ಐದಾಗಿದ್ರೆ ಹಾಡು ಬರ್ತಿರ್ಲಿಲ್ವಾ? ಕಂಬ ಇರೋದೇ ಕಿಟಕಿ ಪಕ್ಕ, ಗಾಜು ನಡುಗೋ ಹಾಗೆ ಕೂಗುತ್ತೆ. ಇನ್ನೂ ಆಗಿಲ್ಲ. ಕೂತ್ಕೋ.

ಯಾಕೆ ಎದ್ದೆ? ಕೂತ್ಕೋ ಅಂದೆ.

ಈಗ ಪ್ರಶ್ನೆ ಕೇಳ್ತೀಯಾ? ಇಷ್ಟೊತ್ತು ವಾದ ಮಾಡ್ತಿದ್ದವಳು… ಹೂಂ. ಸರಿ, ಹೇಳು. ಕೇಳ್ತಿದ್ದೀನಿ. ‘ನೀವು ಎರಡನೇ ಸಲ ಆಡಿದ್ರಾ?’ ಆಡಿದೆ. ಮೂರನೇ ಸಲಾನೂ ಆಡಿದೆ. ‘ಉಗ್ರಾಣದ ಹತ್ತಿರ ಏನಾಯ್ತು?’ ಸತ್ತೆ, ಇನ್ನೇನಾಗುತ್ತೆ! ‘ಕಾವಲುಗಾರರ ಕಾಲಲ್ಲಿ ಮರದ ಚಪ್ಪಲಿ ನೋಡಿದ್ರಾ?’ ನೋಡಿದೆ. ಚೆನ್ನಾಗಿ ಬಿಡಿಸಿದ್ದೀರಿ ಚಪ್ಪಲೀನ. ಕಪ್ಪು ಪಟ್ಟಿ, ಹಿಮ್ಮಡಿ ಸವೆದಿದೆ. ಎಲ್ಲದಕ್ಕೂ ಉತ್ತರ ಕೊಟ್ನಲ್ಲ? ಮತ್ತೆ ಯಾಕೆ ನಿನ್ನ ಕಣ್ಣಲ್ಲಿ ನೀರು? ಅಳಬೇಡ. ಅತ್ತು ಅಂಕ ಕೇಳೋದು ಯೋಕಾನ್ ಪೆಟ್ಟಿಗೆಗಿಂತ ಕಡೆ.

ಬಿಡು. ಕೈ ಬಿಡು. ಯಾಕೆ ಹಿಡ್ಕೊಂಡೆ? ಏನಿದು ಹುಚ್ಚಾಟ ಮಾಹೊ… ನನ್ನ ಬೆರಳನ್ನ ನಿನ್ನ ಗಂಟಲ ಮೇಲೆ ಯಾಕೆ ಇಟ್ಕೋತೀಯ? ಹೂಂ, ಮಾತಾಡ್ತಿದ್ದೀಯ, ಕಾಣ್ತಿದೆ. ‘ಸುಗಾ ಸೆನ್ಸೇ, ನಾನು ಈಗ’…

ನಾನು ಈಗ…

ಗಂಟಲು ಅದುರ್ತಿಲ್ಲ.

ತುಟಿ ಅಲ್ಲಾಡ್ತಿದೆ. ಗಂಟಲು ಅದುರ್ತಾನೇ ಇಲ್ಲ.

ಯಾವಾಗಿಂದ? ಎದ್ದು ನಿಂತಾಗಿಂದಾನಾ? ನಾನು ಉತ್ತರ ಕೊಟ್ನಲ್ಲ, ಅದೆಲ್ಲಾ… ನೀನು ಧ್ವನಿ ತೆಗೆದೇ ಇರಲಿಲ್ವಾ?

ಹಾಡು? ತಲೆ ಆಡಿಸಬೇಡ, ಸರಿಯಾಗಿ ಹೇಳು. ಆಗಲೇ ಬಂತಾ ಹಾಡು? ಮೊದಲ ಸಲ ನೀನು ಕಿಟಕಿ ಕಡೆ ನೋಡಿದಾಗಲೋ, ಎರಡನೇ ಸಲಾನೋ? …ಎರಡನೇ ಸಲ. ಪೂರ್ತಿ ಬಂತಾ? ಕೊನೇತನಕ?

ಏನು ತೋರಿಸ್ತಿದ್ದೀಯ? ಹಿಂದೆ? ನನ್ನ ಹಿಂದೆ ಯಾರಿದ್ದಾರೆ?

…ಓ. ಕುರಮೋಚಿ. ಯಾವಾಗ ಬಂದೆ? ಬಾಗಿಲು ತಟ್ಟಿದ್ಯಾ? ತಟ್ಟಿರ್ತೀಯ. ಬಾಗಿಲು ತಟ್ಟದೆ ಬರೋನಲ್ಲ ನೀನು. ಎಷ್ಟೊತ್ತಾಯ್ತು ಬೆನ್ನ ಹಿಂದೆ ನಿಂತು? ಹಾಗೆ ನೆಲ ನೋಡಬೇಡಪ್ಪ. ಇಲ್ಲ, ಈ ಹಾಳೆ ಕೊಡೋಲ್ಲ. ಪುಟದಲ್ಲಿ ನನ್ನ ವಿಮರ್ಶೆಯ ಚೌಕ ಖಾಲಿ ಬಿಡು. ಗೇಮನ್ನ ಬೇರೆಯವರಿಗೆ ಕೊಡು. ಕಿವಿ ಕೇಳಿಸೋರಿಗೆ. ಸಂಪಾದಕರಿಗೆ ನಾಳೆ ನಾನೇ ಹೇಳ್ತೀನಿ. ಹೋಗು.

ನೀನು ಇರು ಮಾಹೊ. ಆ ಪೆಟ್ಟಿಗೆ ಬಿಚ್ಚು. ಪರದೆ ಮೇಲೆ ಗುರುತು ಹಾಕ್ಬೇಕು ಅಂದೆನಲ್ಲ, ಅದನ್ನ ಮಾತ್ರ ಹಿಂತಗೊಳ್ಳೋಲ್ಲ. ಮುಂದಿನ ಭಾಗದಲ್ಲಿ ಹಾಕ್ಲೇಬೇಕು, ಇಲ್ಲಾಂದ್ರೆ ನಿನ್ನ ಅಂಗಡಿಗೇ ಬಂದು ಬೈತೀನಿ. ನಗಬೇಡ, ನಿಜವಾಗ್ಲೂ ಬರ್ತೀನಿ.

ಹತ್ತಿರ ಕೂತ್ಕೋ. ಮುಖ ಈ ಕಡೆ ತಿರುಗಿಸು, ಬೆಳಕಿಗೆ. ಹಾಂ, ಹಾಗೆ.

ಈಗ ಹೇಳು. ಆ ಮರದ ಚಪ್ಪಲಿ ಹಾಕ್ಕೊಂಡು ಅವನು ಹಿಂದಿನಿಂದ ಬರ್ತಾನಲ್ಲ, ಕಲ್ಲುಹಾಸಿನ ಮೇಲೆ… ಹೇಗೆ ಕೇಳಿಸುತ್ತೆ?