ಒಂದಕ್ಕೆ ಮೂರರಷ್ಟು ಕಟ್ಟುತ್ತೇವೆ

ಮಾನ್ಯ ಅಧ್ಯಕ್ಷರಾದ ಶ್ರೀಮತಿ ಕ್ರಾಶಾ ಅವರೇ, ವೇದಿಕೆಯ ಮೇಲಿರುವ ನಗರಸಭಾ ಸದಸ್ಯರೇ, ನಮ್ಮ ವಾಹನ ಮಾಲೀಕರ ಸಂಘದ ಮಿತ್ರರೇ, ಇಷ್ಟು ಚಳಿಯಲ್ಲೂ ಬಂದು ಕೂತಿರುವ ಸಭಿಕರೇ,

ಇಪ್ಪತ್ತಾರು ವರ್ಷ ಕಾರ್ಯದರ್ಶಿಯಾಗಿದ್ದವನಿಗೆ ಈ ಬೀಳ್ಕೊಡುಗೆ ದೊಡ್ಡದು. ಹೊಗಳಿದವರೆಲ್ಲ ಒಂದೇ ವಾಕ್ಯವನ್ನು ನೆನಪಿಸಿದಿರಿ: ರಸ್ತೆಗೆ ಸರ್ಕಾರ ಒಂದು ಪೌಂಡ್ ಖರ್ಚು ಮಾಡಿದರೆ ಕಾರಿನವರು ಮೂರು ಪೌಂಡ್ ತೆರಿಗೆ ಕಟ್ಟುತ್ತೇವೆ. ಅದನ್ನು ಬರೆದವನು ನಾನೇ. ಊರಿನ ಗೋಡೆಗಳಿಗೆಲ್ಲ ಅಂಟಿಸಿದವನೂ ನಾನೇ. "ನಿದ್ದೇಲೂ ಅದನ್ನೇ ಬಡ್ಕೋತೀಯಲ್ಲೋ ಕ್ಲಿಫ್, ಒಂದ್ಸಲ ನನ್ನ ಹೆಸರೂ ಹೇಳೋ ಮಾರಾಯ" ಎನ್ನುತ್ತಿದ್ದಳು ನನ್ನ ಹೆಂಡತಿ ಎನಿಡ್.

ಎರಡು ವರ್ಷದ ಹಿಂದೆ, ನವೆಂಬರ್ ತಿಂಗಳ ಒಂದು ಬೆಳಿಗ್ಗೆ, ಮಾಸ್ ಲೇನ್ ರಸ್ತೆಯ ತಿರುವಿನಲ್ಲಿ ಸೈಕಲ್ ಮೇಲಿದ್ದ ಅಂಚೆಯವರಿಗೆ ನನ್ನ ಕಾರು ಬಡಿಯಿತು. ಅವರ ಹೆಸರು ಲೆನರ್ಡ್ ಗಾರ್‌ಸೈಡ್. ಅಂದಿನಿಂದ ಅವರಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ನಿಮಗೆಲ್ಲ ಇದು ಗೊತ್ತು. ಗೊತ್ತಿದ್ದೂ ಇಂದು ಯಾರೂ ಆ ಮಾತೆತ್ತಲಿಲ್ಲ. ಅದು ನಿಮ್ಮ ಒಳ್ಳೆಯತನ.

ನಾನು ಪೇರ್ ಹಣ್ಣು ಹಿಡಿದು ಆಸ್ಪತ್ರೆಗೆ ಹೋದದ್ದು ಐದು ವಾರ ಕಳೆದ ಮೇಲೆ. ಅವರ ಹೆಂಡತಿ ಮೌರೀನ್ ಕುರ್ಚಿ ಎಳೆದುಕೊಟ್ಟರು.

"ಕೂತ್ಕೊಳ್ಳಿ, ಮಿಸ್ಟರ್ ಹೆಸ್ಕೆತ್. ಒಂದಕ್ಕೆ ಮೂರು ಕಟ್ಟೋರು ನೀವೇ ಅಲ್ವಾ? ನಮ್ಮ ಕಿಟಕಿ ಎದುರಿಗೇ ಇದೆ ನಿಮ್ಮ ಬೋರ್ಡು. ಆ ಲೆಕ್ಕದಲ್ಲಿ ಇವ್ರೂ ಸೇರಿದಾರಾ?"

ನಾನು ಏನು ಮಾಡಿದೆ ಗೊತ್ತೇ? ವಿವರಿಸಿದೆ! ಪೆಟ್ರೋಲಿನ ಸುಂಕ, ವರ್ಷದ ತೆರಿಗೆ, ಬೊಕ್ಕಸ, ಆ ಬೊಕ್ಕಸದಿಂದ ನಡೆಯುವ ಆಸ್ಪತ್ರೆ. ಅವರು ಪೂರ್ತಿ ಕೇಳಿಸಿಕೊಂಡರು.

"ಆಸ್ಪತ್ರೆ ಸರಿ. ಮನೆಗೆ ಹೋದ್ಮೇಲೆ ಇವ್ರನ್ನ ಎತ್ತಿ ಕೂರ್ಸೋಳು ನಾನು. ಬೇಕರಿ ಕೆಲಸ ಬಿಟ್ಬಿಟ್ಟೆ. ನಾನು ಯಾವ ಲೆಕ್ಕಕ್ಕೆ ಬರ್ತೀನಿ, ಹೇಳಿ."

ಹಾಸಿಗೆಯಿಂದ ಲೆನರ್ಡ್, "ಬಿಡೇ ಮೌರೀನ್, ಪೇರ್ ಹಣ್ಣು ತಂದಿದಾರಲ್ಲ, ಅದೇ ನಾಲ್ಕನೇ ಪೌಂಡು" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮನೆಗೆ ಬಂದು ನನ್ನ ಹಳೆಯ ಕಡತಗಳನ್ನೆಲ್ಲ ತೆಗೆದೆ. ಖರ್ಚಿನ ಪಟ್ಟಿಯಲ್ಲಿ ಡಾಂಬರು ಇತ್ತು, ಸೇತುವೆ ಇತ್ತು, ಬೀದಿದೀಪ ಇತ್ತು. ಹೊಗೆಗೆ ಕೆಮ್ಮುವ ಶಾಲೆಯ ಮಕ್ಕಳು ಇರಲಿಲ್ಲ. ರಸ್ತೆ ದಾಟಲು ಹೆದರಿ ಒಳಗೇ ಉಳಿದ ಅಜ್ಜಿಯರು ಇರಲಿಲ್ಲ. ಮೌರೀನ್ ಇರಲಿಲ್ಲ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಿಂದೊಮ್ಮೆ ಒಬ್ಬ ಪ್ರಾಧ್ಯಾಪಕರು ಇದನ್ನೇ ಪತ್ರದಲ್ಲಿ ಕೇಳಿದ್ದರು. 'ಅಳೆಯಲಾಗದ್ದನ್ನು ಲೆಕ್ಕಕ್ಕೆ ಹಿಡಿಯಲಾಗದು' ಎಂದು ಒಂದೇ ಸಾಲಿನ ಉತ್ತರ ಬರೆದು, ಆ ಸಾಲಿಗೆ ಹೆಮ್ಮೆಪಟ್ಟವನು ನಾನು.

ಹಾಗಾದರೆ ನಮ್ಮ ತೆರಿಗೆ ಸಾಲುತ್ತದೆಯೇ? ನನಗೆ ಗೊತ್ತಿಲ್ಲ. ಸಾಲುತ್ತದೆ ಎಂದು ಗೋಡೆಗೆ ಅಂಟಿಸುವ ಹಕ್ಕು ನನಗಿರಲಿಲ್ಲ. ಹೊಸ ಕರಪತ್ರದಿಂದ ಆ ವಾಕ್ಯವನ್ನು ದಯವಿಟ್ಟು ತೆಗೆಯಿರಿ.

ಇಲ್ಲಿಗೆ ಮುಗಿಸಬೇಕೆಂದೇ ಬರೆದುಕೊಂಡು ಬಂದಿದ್ದೆ. ಆದರೆ... ಎಳೆಬಿಸಿಲು ಕಣ್ಣಿಗೆ ಹೊಡೆಯಿತು ಎಂದು ಪೊಲೀಸರಿಗೆ ಹೇಳಿದ್ದೆ. ಅವರು ನಂಬಿದರು, ತಪ್ಪಿಲ್ಲವೆಂದು ಬಿಟ್ಟರು. ಬಿಸಿಲು ಇದ್ದದ್ದು ನಿಜ. ಪಕ್ಕದ ಸೀಟಿನಿಂದ ಕರಪತ್ರದ ಕಟ್ಟು ಜಾರುತ್ತಿತ್ತು. ಅದನ್ನು ಹಿಡಿಯಲು ನಾನು ಬಗ್ಗಿದ್ದೆ. ರಸ್ತೆಯನ್ನು ನೋಡಿರಲಿಲ್ಲ.

ಗುರುವಾರಗಳಂದು ಮೌರೀನ್ ಪೇಟೆಗೆ ಹೋದಾಗ ಲೆನರ್ಡ್ ಜೊತೆ ಕೂರುವವನು ನಾನು. ಲೆನರ್ಡ್ ಮನೆಗೆ ಬಂದಾಗಿನಿಂದ ಗಂಡಹೆಂಡತಿ ಇಬ್ಬರೂ ನನಗೆ ಚಹಾ ಕೊಡುತ್ತಿದ್ದಾರೆ. ಅವರಿಗೆ ಇದನ್ನು ಹೇಳಿಲ್ಲ. ಎನಿಡ್‌ಗೂ ಹೇಳದೆ ಅವಳನ್ನು ಮಣ್ಣು ಮಾಡಿದೆ.

ಈ ಸಭಾಂಗಣದಲ್ಲಿ ಇನ್ನೂರು ಜನ ಇದ್ದೀರಿ. ಊಟ ಮುಗಿಯುವುದರೊಳಗೆ ಈ ಮಾತು ಊರಿಡೀ ಹರಡುತ್ತದೆ. ಗಾರ್‌ಸೈಡ್ ದಂಪತಿ ಇದನ್ನು ನನ್ನ ಬಾಯಿಂದಲೇ ಕೇಳಬೇಕು. ಪೊಲೀಸ್ ಠಾಣೆಗೆ ಅದರ ನಂತರ ಹೋಗುತ್ತೇನೆ. ನೀವು ಕೊಟ್ಟ ಈ ಬೆಳ್ಳಿ ಫಲಕ ಮೇಜಿನ ಮೇಲೇ ಇರಲಿ. ಊಟಕ್ಕೆ ನಿಲ್ಲಲಾರೆ, ಕ್ಷಮಿಸಿ. ತಡೆಯದೆ ಕೇಳಿದ ನಿಮಗೆಲ್ಲ ಕೃತಜ್ಞ. ಬಾಗಿಲ ಹತ್ತಿರ ಇರುವವರು ಸ್ವಲ್ಪ ದಾರಿ ಬಿಡಿ. ನಮಸ್ಕಾರ.